ಮಾತು ಎತ್ತಿಕೊಡುವವನು

ರಾಜ್ಯಶ್ರೀ ಬಾಗಿಲು ದಾಟಿ ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಬರೀ ಗೋಡೆ. ಹೋದ ತಿಂಗಳು ಬಂದಾಗ ಅಲ್ಲಿ ತಾಯಿಯ ಫೋಟೋಗಳು ಸಾಲಾಗಿ ತೂಗುತ್ತಿದ್ದವು. ಈಗ ಮೊಳೆಗಳಿದ್ದವು, ಮೊಳೆಯ ಕೆಳಗೆ ಬಿಸಿಲು ತಾಗದೆ ಬೆಳ್ಳಗೆ ಉಳಿದ ಚೌಕಗಳಿದ್ದವು. ಎದುರಿಗೆ ಸಮುದ್ರ, ಒಳಗೆ ಬೋಳು ಗೋಡೆ. ವಿಶಾಖಪಟ್ಟಣದ ಪೆದ್ದ ವಾಲ್ತೇರಿನ ಆ ಮನೆ ಯಾರೋ ಖಾಲಿ ಮಾಡಿಕೊಂಡು ಹೋಗುವ ತಯಾರಿಯಲ್ಲಿರುವಂತಿತ್ತು.

"ಫೋಟೋ ಎಲ್ಲ ಎಲ್ಲಿ, ಉಮಾಪತಿಯವರೇ?"

"ಗೆದ್ದಲು ಹಿಡಿದಿತ್ತು ಚಿನ್ನಮ್ಮಗಾರು. ಹೊಸ ಕಟ್ಟು ಹಾಕಿಸೋಕೆ ಕೊಟ್ಟಿದ್ದೀನಂಡಿ," ಎಂದ ಉಮಾಪತಿ, ಎರಡೂ ಕೈ ಮುಗಿದು, ನಡು ಬಗ್ಗಿಸಿ. ಯಜಮಾನಿಯ ಮಗಳೆಂದು ಅವಳನ್ನು ಅವನು ಹಾಗೆ, ಚಿಕ್ಕ ಅಮ್ಮಾವ್ರೇ ಎಂದು ತೆಲುಗಿನಲ್ಲಿ ಕರೆಯುತ್ತಿದ್ದ.

ಎಪ್ಪತ್ತೈದು ದಾಟಿದವನು ಐವತ್ಮೂರರ ಹೆಂಗಸಿಗೆ ಅಷ್ಟು ಬಾಗುವ ಅಗತ್ಯವೇನಿತ್ತು? ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮದ್ರಾಸಿನ ಸ್ಟುಡಿಯೋಗಳಲ್ಲಿ ಸಹಾಯಕ ನಿರ್ದೇಶಕನಾಗಿ ಸವೆದು, ನಿರ್ದೇಶಕನಾಗದೆ, ಸಂಭಾಷಣೆಕಾರನೂ ಆಗದೆ, ಕೊನೆಗೆ ಈ ಮನೆಯ ಹಿಂದಿನ ಕೋಣೆಯಲ್ಲಿ ಬಂದು ಬಿದ್ದಿದ್ದ ಮನುಷ್ಯ. ಬಾಯಲ್ಲಿ ಸದಾ ಅಡಿಕೆ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ನಡಿಗೆಯಲ್ಲಿ ಸಪ್ಪಳವೇ ಇಲ್ಲ. ಎಲ್ಲಿ ನಿಂತಿದ್ದಾನೆಂದು ತಿರುಗಿ ನೋಡಿದರಷ್ಟೇ ಗೊತ್ತಾಗುತ್ತಿತ್ತು, ಮತ್ತು ತಿರುಗಿ ನೋಡಿದಾಗಲೆಲ್ಲ ಅವನು ಅಲ್ಲೇ ಇರುತ್ತಿದ್ದ.

ಅವನ ಕಥೆ ಹೇಳಬೇಕಾದರೆ ರಾಜ್ಯಶ್ರೀಯ ತಾಯಿ ಹೊಸಪೇಟೆ ಕಮಲಾಳ ಕಥೆ ಹೇಳಬೇಕು. ಹೊಸಪೇಟೆ ಕಮಲಾ ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿಲ್ಲದ್ದು ಬಹಳ ಇದೆ, ಬಿಡಿ. ನಾಟಕ ಕಂಪನಿಯಲ್ಲಿ ಬಾಲಕೃಷ್ಣನಾಗಿ ಬೆಣ್ಣೆ ಕದ್ದು ಶುರು ಮಾಡಿದ ಹುಡುಗಿ ಮದ್ರಾಸಿಗೆ ಹೋಗಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ನಿಂತಳು. ಒಂದೇ ವರ್ಷದಲ್ಲಿ ಸತಿಯಾದಳು, ಸವತಿಯಾದಳು, ಸನ್ಯಾಸಿನಿಯಾದಳು. ದೇವಿಯಾಗಿ ಬಂದರೆ ಜನ ಥಿಯೇಟರಿನ ಪರದೆಯ ಮುಂದೆ ತೆಂಗಿನಕಾಯಿ ಒಡೆದರು. ಮುಂದಿನ ಚಿತ್ರದಲ್ಲಿ ಸೊಸೆಗೆ ವಿಷವಿಕ್ಕುವ ಅತ್ತೆಯಾಗಿ ಬಂದರೆ ಅದೇ ಜನ ಅವಳ ಕಾರಿಗೆ ಕಲ್ಲು ಹೊಡೆದರು. ಕುರುಡಿಯಾಗಿ ಅಳಿಸಿದಳು, ಗಯ್ಯಾಳಿಯಾಗಿ ನಗಿಸಿದಳು. ಯಾವ ಪಾತ್ರ ಕೊಟ್ಟರೂ ಅದು ಅವಳ ಮೈಗೆ ಅಳತೆ ತೆಗೆದು ಹೊಲಿದ ರವಿಕೆಯಂತೆ ಕೂರುತ್ತಿತ್ತು.

ಒಂದು ಮಾತ್ರ ಅವಳಿಗೆ ಬರಲಿಲ್ಲ, ತೆಲುಗು ಓದುವುದು. ಅದಕ್ಕೇ ಉಮಾಪತಿ. ಎದುರಿನ ಪಾತ್ರಧಾರಿಯ ಹೆಗಲ ಹಿಂದೆ, ಕ್ಯಾಮೆರಾಕ್ಕೆ ಬೀಳದ ಜಾಗದಲ್ಲಿ ನಿಂತು ಅವನು ಪ್ರತಿ ಸಾಲನ್ನೂ ಪಿಸುಗುಟ್ಟುತ್ತಿದ್ದ. ಸಿನಿಮಾದವರು ಅದನ್ನು ಪ್ರಾಂಪ್ಟಿಂಗ್ ಅನ್ನುತ್ತಾರೆ, ನಾಟಕದವರು ಮಾತು ಎತ್ತಿಕೊಡುವುದು ಅನ್ನುತ್ತಾರೆ. ಅವನ ತುಟಿ ಮುಚ್ಚುವ ಮೊದಲೇ ಕಮಲಾ ಆ ಸಾಲನ್ನು ಹೊಟ್ಟೆಯಲ್ಲಿ ಹುಟ್ಟಿದ್ದೆಂಬಂತೆ ಆಡಿ, ಎಲ್ಲಿ ಬೇಕೋ ಅಲ್ಲಿ ಉಸಿರೆಳೆದು, ಯಾವ ಕಣ್ಣಲ್ಲಿ ಬೇಕೋ ಆ ಕಣ್ಣಲ್ಲಿ ನೀರು ತರುತ್ತಿದ್ದಳು. "ಕಮಲಮ್ಮ ಕಿವಿಯಲ್ಲಿ ಕುಡಿದು ಕಣ್ಣಲ್ಲಿ ಸುರಿಸ್ತಾಳೆ," ಎಂದು ಸೆಟ್ಟಿನವರು ಬೆರಗಾಗುತ್ತಿದ್ದರು. ಆಮೇಲೆ ಡಬ್ಬಿಂಗ್ ಮಾಡುವಾಗ ಉಮಾಪತಿಯ ಪಿಸುಮಾತು ಅಳಿಸಿಹೋಗುತ್ತಿತ್ತು. ನೋಡುವವರಿಗೆ ಅಂಥ ಮನುಷ್ಯ ಒಬ್ಬನಿದ್ದನೆಂದೇ ಗೊತ್ತಿರಲಿಲ್ಲ.

ಇಷ್ಟು ಪಾತ್ರ ಆಡಿದವಳು ಆಡದೆ ಬಿಟ್ಟ ಪಾತ್ರ ಒಂದಿತ್ತು. ಮೂರು ವರ್ಷದ ಮಗಳನ್ನು ಹೊಸಪೇಟೆಯಲ್ಲಿ ಅಜ್ಜಿಯ ಮಡಿಲಿಗೆ ಹಾಕಿ ಹೋದವಳು, ಹಬ್ಬಕ್ಕೆ ಬರುವ ನೆಂಟರಂತೆ ಬಂದು ಹೋಗುತ್ತಿದ್ದಳು. ಮುಂದೆ ವಿಶಾಖಪಟ್ಟಣದ ಚಿತ್ರ ಹಂಚಿಕೆದಾರ ಸೂರ್ಯಪ್ರಕಾಶರನ್ನು ಮದುವೆಯಾಗಿ ಈ ಊರಿನವಳಾದಳು. ಆತ ತೀರಿಕೊಂಡು ವರ್ಷಗಳಾದವು. ಮಗಳು ಅಜ್ಜಿಯ ಮನೆಯಲ್ಲೇ ಓದಿ, ಬ್ಯಾಂಕು ಸೇರಿ, ಮದುವೆಯಾಗಿ, ಅದು ಮುರಿದು, ವರ್ಗದ ಮೇಲೆ ವರ್ಗವಾಗುತ್ತ ಅಂತೂ ವಿಜಯವಾಡಕ್ಕೆ ಬಂದು ಬಿದ್ದಿದ್ದಳು. ತಾಯಿಯಿಂದ ಅವಳಿಗೆ ಸಿಕ್ಕದ್ದು ಹೆಸರು, ಬಣ್ಣ ಮತ್ತು ಊರವರ ಕುತೂಹಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಜ್ಜಿ ಸಾಯುವ ತನಕ ಬೈಯುತ್ತಿದ್ದಳು.

ಹಾಗಿದ್ದಾಗ ಕಳೆದ ಯುಗಾದಿಯಿಂದ ಒಂದು ಪವಾಡ ನಡೆಯಿತು. ತಾಯಿ ದಿನಾ ಸಂಜೆ ಫೋನು ಮಾಡತೊಡಗಿದಳು. "ಊಟ ಆತೇನವ್ವಾ? ಬ್ಯಾಂಕಿನಾಗ ಬಾಳ ಕೆಲಸೇನು? ನಿನಗ ಸಣ್ಣಾಕಿದ್ದಾಗ ಜ್ವರ ಬಂದ್ರ ಕಾಲು ಸೆಳೀತಿದ್ವು, ಈಗೂ ಸೆಳೀತಾವೇನು?" ಫೋನಿನಲ್ಲಿ ಪ್ರತಿ ಮಾತಿಗೂ ಮೊದಲು ಒಂದು ಸಣ್ಣ ನಿಲುಗಡೆ ಇರುತ್ತಿತ್ತು. ನೆಟ್‌ವರ್ಕು ಎಂದುಕೊಂಡಳು ರಾಜ್ಯಶ್ರೀ. ಎರಡನೇ ಶನಿವಾರದ ರಜೆ ಬಂದರೆ ರೈಲು ಹತ್ತಿ ಓಡಿ ಬರುತ್ತಿದ್ದಳು. ಶ್ರಾವಣದಲ್ಲಿ ಒಂದು ದಿನ ಇದೇ ವರಾಂಡದಲ್ಲಿ ತಾಯಿ ಅವಳ ಕೈ ಹಿಡಿದು, ಅವಳು ಮೂರನೇ ವರ್ಷದಿಂದ ಕಾಯುತ್ತಿದ್ದ ಮಾತು ಆಡಿದಳು.

"ನಿನ್ನ ಬಿಟ್ಟು ಹೋಗಿದ್ದು ಹೊಟ್ಟಿಪಾಡಿಗಲ್ಲವ್ವಾ, ಹೆಸರಿನ ಆಸೆಗೆ. ನಂದ ತಪ್ಪು. ನೀ ನನ್ನ ಕ್ಷಮಿಸಬ್ಯಾಡ. ಸುಮ್ನ ಒಂದೀಟು ಹೊತ್ತು ನನ್ನ ಜೋಡಿ ಕುಂದ್ರು."

ಅವತ್ತು ರಾಜ್ಯಶ್ರೀ ಅತ್ತ ಅಳು ಅವಳಿಗೇ ಗುರುತು ಸಿಗಲಿಲ್ಲ. ಬ್ಯಾಂಕಿನಲ್ಲಿ ಎದುರು ಕುಳಿತವನ ಮುಖ ನೋಡಿಯೇ ಸುಳ್ಳು ಹಿಡಿಯುವ ಹೆಂಗಸು ಮಗುವಿನಂತೆ ಬಿಕ್ಕಿದಳು. ಅಂದಿನಿಂದ ಅವಳಿಗೆ ಇದ್ದದ್ದು ಒಂದೇ ಆಸೆ, ಒಂದೇ ಭಯ. ಈ ತಾಯಿಯನ್ನು ವಿಜಯವಾಡದ ತನ್ನ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಕು. ಅರ್ಧ ಆಯುಷ್ಯ ಕಳೆದ ಮೇಲೆ ಸಿಕ್ಕವಳನ್ನು ಇನ್ನೊಮ್ಮೆ ಕಳೆದುಕೊಳ್ಳಬಾರದು. ದಾರಿಗೆ ಅಡ್ಡ ನಿಂತವನು ಈ ಸಪ್ಪಳವಿಲ್ಲದ ಮುದುಕ.

ಬೋಳು ಗೋಡೆಯ ಮುಂದೆ ಬೆತ್ತದ ಕುರ್ಚಿಯಲ್ಲಿ ಕಮಲಾ ಕುಳಿತಿದ್ದಳು. ಹಣೆಯಲ್ಲಿ ದುಂಡು ಬೊಟ್ಟು, ಮುಡಿಯಲ್ಲಿ ಮಲ್ಲಿಗೆ, ಎಪ್ಪತ್ತೊಂಬತ್ತರಲ್ಲೂ ನೆಟ್ಟಗಿನ ಬೆನ್ನು.

"ಅವ್ವಾ, ಹೆಂಗದೀ?"

ತಾಯಿಯ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ನಿಂತು, ಎಡ ಹೆಗಲ ಆಚೆಗೆ ಜಾರಿ, ಮರಳಿ ಬಂತು. ಬಂದಾಗ ಅದರ ತುಂಬ ಅಕ್ಕರೆಯಿತ್ತು. "ಬಂದ್ಯಾ ರಾಜಿ? ಯಾಕವ್ವಾ ಇಷ್ಟ್ ಸೊರಗೀದಿ?"

ರಾಜ್ಯಶ್ರೀ ಸರ್ರನೆ ತಿರುಗಿದಳು. ಅವಳ ಹಿಂದೆ ವರಾಂಡದ ಕಟ್ಟೆಯಲ್ಲಿ ಉಮಾಪತಿ ಕ್ರೋಟನ್ ಗಿಡಗಳಿಗೆ ನೀರು ಹಾಕುತ್ತಿದ್ದ. ಡಬ್ಬಿ ಬಗ್ಗಿಸಿಯೇ ಇದ್ದ, ಅದರಲ್ಲಿ ನೀರೇ ಇರಲಿಲ್ಲ. ಅವನ ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಏನದು?"

"ನರಸಿಂಹಸ್ವಾಮಿ ಜಪ, ಚಿನ್ನಮ್ಮಗಾರು."

ಗೇಟಿನ ಹತ್ತಿರ ಹಳೆಯ ಅಡಿಗೆಯವಳು ಅನ್ನಪೂರ್ಣಮ್ಮ ಕಾದಿದ್ದಳು. ತನ್ನನ್ನು ಕೆಲಸದಿಂದ ಬಿಡಿಸಿ ತಿಂಗಳಾಯಿತೆಂದು ತೆಲುಗಿನಲ್ಲಿ ಗೋಳಾಡಿಕೊಂಡಳು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. ಬಾಗಿಲು ಹಾಕಿಕೊಂಡು ಅವರಿಬ್ಬರೇ ಕೂತಿರುತ್ತಾರಂತೆ. ಅವನು ಏನೋ ಹೇಳುತ್ತಾನೆ, ಅಮ್ಮಗಾರು ಅದನ್ನೇ ಹೇಳುತ್ತಾರೆ. ಮತ್ತೆ ಅದೇ, ಮತ್ತೆ ಅದೇ. "ಒಳ್ಳೇದಕ್ಕಲ್ಲ ತಲ್ಲೀ. ಅಮ್ಮಗಾರು ಅಮ್ಮಗಾರಾಗಿ ಉಳಿದಿಲ್ಲ," ಎಂದು ಅನ್ನಪೂರ್ಣಮ್ಮ ಕಣ್ಣೊರೆಸಿಕೊಂಡಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತೂಗುವ ಫೋಟೋ ಕಾಣೆ, ಅಡಿಗೆಯವಳು ಕಾಣೆ, ಫೋನು ಯಾವಾಗಲೂ ಸ್ಪೀಕರಿನಲ್ಲಿ, ಟಿವಿಯ ವೈರು ಕಿತ್ತು ಸುತ್ತಿಟ್ಟದ್ದು, ಮೇಲಿಂದ ತುಟಿ ಅಲ್ಲಾಡಿಸುವ ಮುದುಕ. ರಾಜ್ಯಶ್ರೀ ಓದಿದವಳು, ಮಾಟಮಂತ್ರ ನಂಬುವವಳಲ್ಲ. ಆದರೂ ಆ ರಾತ್ರಿ ತಾಯಿಯ ತಲೆದಿಂಬಿನ ಕೆಳಗೆ ಕೈ ಹಾಕಿ ನಿಂಬೆಹಣ್ಣೋ ತಾಯಿತವೋ ಇದೆಯೇ ಎಂದು ತಡಕಿದಳು. ಏನೂ ಸಿಗಲಿಲ್ಲ. ಸಿಗದೇ ಹೋದದ್ದು ಅವಳ ಭಯವನ್ನು ಇನ್ನಷ್ಟು ಬೆಳೆಸಿತು.

ಬೆಳಿಗ್ಗೆ ಕೊನೆಯ ಪ್ರಯತ್ನವೆಂದು ಕೇಳಿಯೇಬಿಟ್ಟಳು. "ವಿಜಯವಾಡದಾಗ ಸಿನಿಮಾ ಸಂಘದೋರು ಅವ್ವನಿಗೆ ಸನ್ಮಾನ ಮಾಡ್ತಾರಂತ. ಕರ್ಕೊಂಡು ಹೋಗ್ತೀನಿ. ನಾಕು ದಿನ ನನ್ನ ಮನ್ಯಾಗ ಇರ್ಲಿ."

ಉಮಾಪತಿಯ ಮುಖದ ರಕ್ತ ಇಳಿದುಹೋಯಿತು. "ಬೇಡ ಚಿನ್ನಮ್ಮಗಾರು. ಅಮ್ಮಗಾರಿಗೆ ಪ್ರಯಾಣ ಆಗಲ್ಲ. ಕೈ ಮುಗಿತೀನಂಡಿ, ಬೇಡ."

"ಹಂಗಾದ್ರ ನೀವೂ ಬರ್ರಿ ಅಂತ ಹೇಳ್ಬೇಕೇನು?"

"ನಾನು ಇಲ್ಲದೆ ಬೇಡ," ಎಂದ ಅವನು, ಕಣ್ಣು ಕೆಳಗಿಟ್ಟು. ಆ ಮಾತು ಅವನ ಬಾಯಿಂದ ಜಾರಿಬಿದ್ದಂತಿತ್ತು. ರಾಜ್ಯಶ್ರೀಗೆ ಅಷ್ಟೇ ಸಾಕಾಯಿತು.

ಪ್ರತಿ ಶನಿವಾರ ಅವನು ಸಿಂಹಾಚಲ ಬೆಟ್ಟದ ನರಸಿಂಹಸ್ವಾಮಿ ಗುಡಿಗೆ ಹೋಗುತ್ತಿದ್ದ. ಅವತ್ತೂ ಹೋದ, ಹೋಗುವಾಗ ಎರಡು ಸಲ ಗೇಟಿನಿಂದ ವಾಪಸು ಬಂದು ಕಮಲಾಳ ಕಿವಿಯಲ್ಲಿ ಏನೋ ಹೇಳಿ ಹೋದ. ಅವನ ಬಸ್ಸು ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ರಾಜ್ಯಶ್ರೀ ತಾಯಿಯ ಸೀರೆಗಳನ್ನು ಚೀಲಕ್ಕೆ ತುಂಬಿದ್ದಳು.

"ಬಾ ಅವ್ವಾ, ಹೋಗಾಣ."

ಕಮಲಾಳ ಕಣ್ಣು ಅವಳ ಹೆಗಲ ಆಚೆ ಕ್ರೋಟನ್ ಗಿಡಗಳ ತನಕ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ತುಸು ಹೊತ್ತು ಕಾದು, ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಶಾಟ್ ರೆಡಿ ಐತೇನು?" ಎಂದಳು.

ತಾಯಿ ತಮಾಷೆ ಮಾಡುತ್ತಿದ್ದಾಳೆಂದು ರಾಜ್ಯಶ್ರೀ ನಕ್ಕಳು.

ರೈಲಿನಲ್ಲಿ ಜನ ಗುರುತು ಹಿಡಿದೇ ಹಿಡಿದರು. ಪಕ್ಕದ ಸೀಟಿನ ಹೆಂಗಸು "ಹೊಸಪೇಟೆ ಕಮಲಾಗಾರು ಕದಾ!" ಎಂದದ್ದೇ ತಡ, ಬೋಗಿಯ ಅರ್ಧ ಜನ ಬಂದು ನಿಂತರು. ಫೋನು ಎತ್ತಿದರು, ಕಾಲಿಗೆ ಬಿದ್ದರು, ಅವಳು ದೇವಿಯಾದ ಚಿತ್ರ ತಮ್ಮ ಅಜ್ಜಿ ಎಷ್ಟು ಸಲ ನೋಡಿದ್ದಳೆಂದು ಲೆಕ್ಕ ಒಪ್ಪಿಸಿದರು. ಕಮಲಾ ಮಾತಾಡಲಿಲ್ಲ. ಕ್ಯಾಮೆರಾ ಕಂಡಾಗಲೆಲ್ಲ ಮುಖ ತುಸು ಎಡಕ್ಕೆ ತಿರುಗಿಸಿ ನಗುತ್ತಿದ್ದಳು. ಅಂಥ ನಗೆಯನ್ನು ಕಂಡವರು ಮಾತು ಕೇಳುವುದಿಲ್ಲ. ರಾಜ್ಯಶ್ರೀ ಹೆಮ್ಮೆಯಿಂದ ಉಬ್ಬಿಹೋದಳು. ಚಿಕ್ಕಂದಿನಲ್ಲಿ ಇಂಥ ಗುಂಪು ತಾಯಿಯನ್ನು ತನ್ನಿಂದ ಕಸಿದುಕೊಂಡು ಹೋಗುತ್ತಿತ್ತು. ಈಗ ಗುಂಪಿನ ನಡುವೆ ತಾಯಿಯ ಪಕ್ಕದ ಸೀಟು ತನ್ನದು.

ಗೋದಾವರಿಯ ಸೇತುವೆ ಬಂತು. ರೈಲು ಗಡಗಡ ಸದ್ದು ಮಾಡಿತು, ಕೆಳಗೆ ಅಗಲವಾದ ಕೆಂಪು ನೀರು. ಕಮಲಾ ಕಿಟಕಿಯ ಕಡೆ ನೋಡಿದಳು, ರಾಜ್ಯಶ್ರೀಯ ಹೆಗಲಾಚೆ ನೋಡಿದಳು, ಮತ್ತೆ ಕಿಟಕಿಯ ಕಡೆ. ಆಮೇಲೆ ಎದುರು ನಿಂತಿದ್ದ ಅಪರಿಚಿತನಿಗೆ ಕೈ ಜೋಡಿಸಿ, ಸ್ವಚ್ಛ ತೆಲುಗಿನಲ್ಲಿ, ಬೋಗಿಗೆಲ್ಲ ಕೇಳುವಂತೆ ಹೇಳಿದಳು: ಅಯ್ಯಾ, ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತಿದ್ದಾಳೆ. ನಮ್ಮ ಮನೆಗೆ ಒಂದು ಸುದ್ದಿ ಮುಟ್ಟಿಸುತ್ತೀರಾ?

ಮರುಗಳಿಗೆ ಬೋಗಿ ಚಪ್ಪಾಳೆಯಿಂದ ತುಂಬಿಹೋಯಿತು. "ಅಬ್ಬಾ, ಈ ವಯಸ್ಸಲ್ಲೂ!" ಎಂದರು. ಯಾವ ಸಿನಿಮಾದ ಡೈಲಾಗು ಎಂದು ಒಬ್ಬ ಕೇಳಿದ, ಇನ್ನೊಬ್ಬ ಗೊತ್ತಿದ್ದವನಂತೆ ಯಾವುದೋ ಹೆಸರು ಹೇಳಿದ. ಹೆಂಗಸೊಬ್ಬಳಿಗೆ ಕಣ್ಣಲ್ಲಿ ನೀರೇ ಬಂದಿತ್ತು. ರಾಜ್ಯಶ್ರೀಯೂ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟುವಾಗ ಸುಮ್ಮನಿರುವುದು ಹೇಗೆ?

ಚಪ್ಪಾಳೆ ಕೇಳಿ ಕಮಲಾ ತಲೆ ಬಾಗಿಸಿದಳು, ರೂಢಿಯಿಂದ. ರಾಜ್ಯಶ್ರೀ ಅವಳ ಕೈ ಹಿಡಿದುಕೊಂಡಾಗ ಅದು ತಣ್ಣಗಾಗಿತ್ತು, ಹಿಡಿತದಲ್ಲಿ ಹಕ್ಕಿಯಂತೆ ಅದುರುತ್ತಿತ್ತು. ಎಸಿ ಹೆಚ್ಚಾಗಿದೆ ಎಂದು ಶಾಲು ಹೊದಿಸಿದಳು. ವಿಜಯವಾಡ ಬರುವ ತನಕ ಒಂದೇ ಸಮನೆ ಮಾತಾಡುತ್ತ ಹೋದಳು: ಮನೆಯ ಬಾಲ್ಕನಿಯಿಂದ ಕೃಷ್ಣಾ ನದಿ ಕಾಣುತ್ತದೆ, ದ್ವೀಪಕ್ಕೆ ಹೋಗುವ ದೋಣಿ ಕಾಣುತ್ತದೆ, ಜೋಳದ ರೊಟ್ಟಿ ತಟ್ಟುವವಳೊಬ್ಬಳು ಸಿಕ್ಕಿದ್ದಾಳೆ. ಕೈಚೀಲದಲ್ಲಿ ಫೋನು ಗುಂಯ್‌ಗುಟ್ಟುತ್ತಲೇ ಇತ್ತು. ಉಮಾಪತಿ. ಅವಳು ಎತ್ತಲಿಲ್ಲ.

ಭವಾನಿಪುರಂನ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ರಾಜ್ಯಶ್ರೀ ತಾಯಿಯನ್ನು ಹಾಲಿನ ಸೋಫಾದಲ್ಲಿ ಕೂರಿಸಿ, ನೀರು ತಂದುಕೊಟ್ಟಳು. ಕಮಲಾ ಲೋಟ ಮುಟ್ಟಲಿಲ್ಲ. ಚಹಾ ತಂದಳು, ಮುಟ್ಟಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ ತಂದಿಟ್ಟಳು. ಕಮಲಾ ತಟ್ಟೆಯ ಕಡೆ ನೋಡದೆ ಒಂದೊಂದೇ ಬಾಗಿಲನ್ನು, ಕಿಟಕಿಯನ್ನು, ಫ್ರಿಜ್ಜಿನ ಹಿಂದಿನ ಮೂಲೆಯನ್ನು ನೋಡುತ್ತಿದ್ದಳು. ಕಳೆದುಹೋದದ್ದನ್ನು ಹುಡುಕುವವರ ನೋಟ ಅದಲ್ಲ. ಬರಬೇಕಾದವರು ಬರಲಿಲ್ಲವಲ್ಲ ಎಂಬ ನೋಟ.

"ಅವ್ವಾ, ಮಾತಾಡು. ನಾ ರಾಜಿ."

ಕಮಲಾ ಅವಳತ್ತ ನೋಡಿ ನಕ್ಕಳು, ರೈಲಿನಲ್ಲಿ ಫೋನುಗಳಿಗೆ ನಕ್ಕ ಅದೇ ನಗೆ, ಮುಖ ತುಸು ಎಡಕ್ಕೆ. ಅಷ್ಟರಲ್ಲಿ ಫೋನು ಮತ್ತೆ ಬಂತು. ಈ ಸಲ ರಾಜ್ಯಶ್ರೀ ಎತ್ತಿದಳು, ಎತ್ತಿದವಳೇ ಕೂಗಾಡಿದಳು.

"ಏನ್ ಮಾಡೀರಿ ನಮ್ಮವ್ವಗ? ಏನ್ ಕುಡಿಸೀರಿ, ಏನ್ ಮದ್ದು ಹಾಕೀರಿ? ಪೊಲೀಸಿಗೆ ಕೊಡ್ತೀನಿ ನಿಮ್ಮನ್ನ!"

"ಕೊಡಿ ಚಿನ್ನಮ್ಮಗಾರು. ಮೊದಲು ಹೇಳಿ, ಅಮ್ಮಗಾರು ನೀರು ಕುಡಿದ್ರಾ?"

"ಇಲ್ಲ."

"ಬೆಳಿಗ್ಗೆಯಿಂದ ಏನೂ ಕುಡಿದಿಲ್ವಾ?" ಅವನ ದನಿ ಒಡೆಯಿತು. "ಫೋನನ್ನ ಸ್ಪೀಕರಿಗೆ ಹಾಕಿ. ನಿಮ್ಮ ಬೆನ್ನ ಹಿಂದೆ ಎತ್ತರದ ಕಡೆ ಎಲ್ಲಾದರೂ ಇಡಿ. ನೀವು ಅವರ ಎದುರಿಗೆ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಆಮೇಲೆ ಏನು ಬೇಕಾದ್ರೂ ಬೈಯಿರಿ."

ಬೈಯುವುದನ್ನು ಬಿಟ್ಟು ಅವನು ಹೇಳಿದಂತೆ ಯಾಕೆ ಮಾಡಿದಳೋ! ತಾಯಿ ನೀರು ಕುಡಿಯಲಿ ಎಂದಿರಬೇಕು. ಫೋನನ್ನು ಹಿಂದಿನ ಕಪಾಟಿನ ಮೇಲಿಟ್ಟು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಎದುರು ಕುಳಿತಳು.

ಬೆನ್ನ ಹಿಂದಿನಿಂದ ಪಿಸುಮಾತು ಬಂತು. ಏರಿಳಿತವಿಲ್ಲದ, ಭಾವವಿಲ್ಲದ, ಒಣಗಿದ ದನಿ: "ರಾಜೀ ದಣಿದು ಬಂದೀಯವ್ವಾ. ಬಾ, ಇಬ್ರೂ ಕೂಡಿ ನೀರು ಕುಡಿಯಾಣ."

ಕಮಲಾಳ ಮುಖದಲ್ಲಿ ದೀಪ ಹೊತ್ತಿಕೊಂಡಿತು. ಹುಬ್ಬು ಸಡಿಲಿತು, ತುಟಿ ಮೆತ್ತಗಾಯಿತು, ಕಣ್ಣಿನಲ್ಲಿ ಅಕ್ಕರೆ ಉಕ್ಕಿ ಬಂತು. "ರಾಜೀ," ಎಂದಳು. ನಡುವೆ ಒಂದು ಉಸಿರು. "ದಣಿದು ಬಂದೀಯವ್ವಾ. ಬಾ, ಇಬ್ರೂ ಕೂಡಿ ನೀರು ಕುಡಿಯಾಣ." ಲೋಟ ಎತ್ತಿ ಗಟಗಟ ಕುಡಿದಳು.

ರಾಜ್ಯಶ್ರೀ ಕುಳಿತಲ್ಲೇ ಕುಳಿತಳು. ಫೋನಿನ ನಿಲುಗಡೆಗಳು, ಹೆಗಲಾಚೆಗಿನ ನೋಟ, ನೀರಿಲ್ಲದ ಡಬ್ಬಿ, ಅಲ್ಲಾಡುವ ತುಟಿ, ಒಂದೊಂದೂ ತನ್ನ ಜಾಗಕ್ಕೆ ಬಂದು ಕೂತಿತು. ಹಿಂದೆ ಪಿಸುಮಾತು ನಡೆದೇ ಇತ್ತು, ಎದುರಿಗೆ ತಾಯಿ ಪ್ರೀತಿಸುತ್ತಲೇ ಇದ್ದಳು. "ಒಂದು ತುತ್ತು ತಿನ್ನು ಅಂತೀಯಾ? ನೀ ತಿಂದ್ರ ನಾ ತಿಂತೀನಿ." ತಿಂದಳು. ಅರ್ಧ ರೊಟ್ಟಿ ಮುಗಿಯುವ ತನಕ ರಾಜ್ಯಶ್ರೀ ಸಹಿಸಿಕೊಂಡಳು. ಆಮೇಲೆ ಎದ್ದು ಫೋನನ್ನು ಕಸಿದುಕೊಂಡು ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಯಾವಾಗಿಂದ?"

"ಯುಗಾದಿಯಿಂದ. ಆ ದಿನ ನೀವು ಬಂದಾಗ ಅಮ್ಮಗಾರಿಗೆ ನಿಮ್ಮ ಹೆಸರು ಹೋಗಿಬಿಡ್ತು. ನಿಮ್ಮ ಹಿಂದೆ ನಾನಿದ್ದೆ. ಸೆಟ್ಟಿನಲ್ಲಿ ಸಾಲು ಮರೆತಾಗ ನೋಡ್ತಿದ್ರಲ್ಲ, ಹಾಗೆ ನನ್ನ ಕಡೆ ನೋಡಿದ್ರು. ಅವರು ನೋಡಿದ್ರೆ ಕೊಡೋದು ನಲವತ್ತು ವರ್ಷದ ಅಭ್ಯಾಸ ಚಿನ್ನಮ್ಮಗಾರು. ಕೊಟ್ಟೆ. ಬರೀ ಹೆಸರು."

"ಡಾಕ್ಟರು?"

"ತೋರಿಸಿದೆ. ಮರೆವಿನ ರೋಗ, ವಾಪಸು ಬರಲ್ಲ ಅಂದ್ರು. ಫೋಟೋ ನೋಡಿ ಈ ಹೆಂಗಸರೆಲ್ಲ ನನ್ನ ಮನೇಲಿ ಯಾಕಿದ್ದಾರೆ ಅಂತ ಹೆದರ್ತಿದ್ರು, ತೆಗೆದಿಟ್ಟೆ. ಟಿವಿಲಿ ತಮ್ಮ ಸಿನಿಮಾ ಬಂದ್ರೆ ಅತ್ತು ಹೊರಗೆ ಓಡ್ತಿದ್ರು. ಅನ್ನಪೂರ್ಣಮ್ಮ ಊರಿಗೆಲ್ಲ ಸಾರಿ ಬರ್ತಾಳೆ ಅಂತ ಬಿಡಿಸಿದೆ. ನನಗೊಂದು ಮಾತು ಹೇಳಿದ್ರು ಅಮ್ಮಗಾರು, ತಲೆ ನೆಟ್ಟಗಿದ್ದ ದಿನ. ಜನರ ಮುಂದೆ ನನ್ನ ಸಾಲು ತಪ್ಪಬಾರದು ಉಮಾಪತೀ ಅಂತ."

"ಜನರ ಮುಂದ. ನನ್ನ ಮುಂದ ಅಂತ ಹೇಳಲಿಲ್ಲ."

ಅವನು ಅಡಿಕೆ ಅಗಿಯುವ ಸದ್ದು ಕೇಳಿಸಿತು.

ಕೇಳಬಾರದು, ಕೇಳಬಾರದು ಎಂದು ಒಳಗಿನ ಜೀವ ಕಿರುಚುತ್ತಿತ್ತು. ಆದರೂ ಕೇಳಿದಳು. "ಶ್ರಾವಣದಾಗ ಒಂದು ಮಾತು ಹೇಳಿದ್ಲು. ಬಿಟ್ಟು ಹೋಗಿದ್ದು ನಂದ ತಪ್ಪು ಅಂತ. ಅದು?"

ಆ ಕಡೆ ಅಡಿಕೆ ಅಗಿಯುವ ಸದ್ದು ನಿಂತಿತು.

"ಮೊದಲು ಕ್ಷಮಿಸು ಅಂತ ಬರೆದಿದ್ದೆ," ಎಂದ ಉಮಾಪತಿ. "ಓದಿ ನೋಡಿದ್ರೆ ಬರೀ ಸಿನಿಮಾ ಅನ್ನಿಸ್ತು. ಹೊಡೆದು ಹಾಕಿ, ಕ್ಷಮಿಸಬ್ಯಾಡ ಅಂತ ಮಾಡಿದೆ. ಆಮೇಲೆ ಅದು ನಿಂತಿತು. ಇಡೀ ಜನ್ಮ ಬೇರೆಯವರು ಬರೆದದ್ದನ್ನ ಪಿಸುಗುಟ್ಟಿದೆ ಚಿನ್ನಮ್ಮಗಾರು. ನನ್ನದು ಅಂತ ಒಂದು ಸಾಲೂ ಯಾರ ಬಾಯಲ್ಲೂ ಬರಲಿಲ್ಲ. ಅವತ್ತು ಬಂತು. ನೀವು ಅತ್ತಿರಿ. ಅತ್ತಿದ್ದು ನೋಡಿದ ಮೇಲೆ ನಿಲ್ಲಿಸೋದು ನನ್ನ ಕೈಲಿ ಆಗಲಿಲ್ಲ." ಆಮೇಲೆ, "ನಾಳೆ ಮೊದಲ ರೈಲಿಗೆ ಬರಲಾ?" ಎಂದು ಕೇಳಿದ. ಆ ದನಿಯಲ್ಲಿ ಪಶ್ಚಾತ್ತಾಪವೂ ಇತ್ತು, ಅದಕ್ಕಿಂತ ಹೆಚ್ಚಾಗಿ ತನ್ನ ಸಾಲಿಗೆ ಕಣ್ಣೀರು ಬಂದಿತ್ತಲ್ಲ ಎಂಬ ಹೆಮ್ಮೆಯೂ ಇತ್ತು. ಅದು ಅವಳನ್ನು ಕೊಚ್ಚಿ ಹಾಕಿತು. ಫೋನು ಆರಿಸಿಬಿಟ್ಟಳು.

ಒಲೆಯ ಕಟ್ಟೆ ಹಿಡಿದು ನಿಂತಳು. ಅಳು ಬರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದೂ ಹೊಳೆಯಲಿಲ್ಲ. ತಾಯಿ ಸುಳ್ಳು ಹೇಳಿರಲಿಲ್ಲ, ಏಕೆಂದರೆ ತಾಯಿ ಏನೂ ಹೇಳಿಯೇ ಇರಲಿಲ್ಲ. ಈ ವರ್ಷವಿಡೀ ತನ್ನನ್ನು ಪ್ರೀತಿಸಿದ್ದು ಅಡಿಕೆ ಅಗಿಯುವ ಒಬ್ಬ ಸೋತ ಸಂಭಾಷಣೆಕಾರ. ಹಾಗೆಂದು ಯಾರಿಗೆ ಹೇಳಿಕೊಳ್ಳುವುದು, ಯಾರು ನಗದೆ ಕೇಳಿಸಿಕೊಂಡಾರು?

ಹಾಲಿಗೆ ಮರಳಿದಾಗ ಕಮಲಾ ಹಾಗೆಯೇ ಕುಳಿತಿದ್ದಳು, ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು. ಹೊರಗೆ ನದಿ ಕಪ್ಪಾಗಿತ್ತು. ರಾಜ್ಯಶ್ರೀ ಎದುರು ಕುರ್ಚಿಯಲ್ಲಿ ಕುಳಿತಳು. ತಾಯಿಯ ನೋಟ ಗಾಜನ್ನು ದಾಟುವಂತೆ ಅವಳನ್ನು ದಾಟಿ ಹಿಂದಿನ ಕಪಾಟಿಗೆ ಹೋಯಿತು, ಫೋನು ಇದ್ದ ಜಾಗಕ್ಕೆ. ಅಲ್ಲಿ ಏನೂ ಇರಲಿಲ್ಲ. ಕಮಲಾಳ ಗಲ್ಲ ಅದುರತೊಡಗಿತು. ರೊಟ್ಟಿ ಕೈಯಿಂದ ಜಾರಿತು. ಎಷ್ಟೋ ಸಾವಿರ ಜನರ ಮುಂದೆ ಹೆದರದ ಹೆಂಗಸು ಈ ಖಾಲಿ ಮನೆಯಲ್ಲಿ, ಮಾತಿಲ್ಲದೆ, ಸಂತೆಯಲ್ಲಿ ಕೈ ತಪ್ಪಿದ ಮಗುವಿನಂತೆ ಹೆದರಿದ್ದಳು.

ರಾಜ್ಯಶ್ರೀ ಅದನ್ನು ನೋಡಲಾರದೆ ಎದ್ದಳು. ಕುರ್ಚಿಯ ಹಿಂದೆ ಹೋಗಿ ಕಪಾಟಿಗೆ ಆತು ನಿಂತಳು.

ಆಗ ಕಮಲಾ ಅವಳನ್ನು ನೋಡಿದಳು. ನೇರವಾಗಿ, ಕಣ್ಣಲ್ಲಿ ಕಣ್ಣಿಟ್ಟು, ಗುರುತಿನಿಂದ, ನಂಬಿಕೆಯಿಂದ. ಹುಟ್ಟಿದಂದಿನಿಂದ ತಾಯಿ ಅವಳನ್ನು ಹೀಗೆ ನೋಡಿರಲಿಲ್ಲ.

"ಕೊಡ್ರಿ," ಎಂದಳು ಕಮಲಾ.

ಏನು ಕೊಡುವುದು? ಹೊಸಪೇಟೆಯ ಕಟ್ಟೆಯ ಮೇಲೆ ಕುಳಿತು, ಬಾಡಿಗೆ ಕಾರು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ, ಒಬ್ಬ ಹುಡುಗಿ ವರ್ಷಾನುಗಟ್ಟಲೆ ತಾನೇ ಬರೆದುಕೊಂಡಿದ್ದ ಸಾಲೊಂದಿತ್ತು. ರಾಜ್ಯಶ್ರೀ ಅದನ್ನು ಹೊರಗೆ ತಂದಳು. ಏರಿಳಿತವಿಲ್ಲದೆ, ಭಾವವಿಲ್ಲದೆ, ಒಣಗಿದ ದನಿಯಲ್ಲಿ ಪಿಸುಗುಟ್ಟಿದಳು.

"ಅಳಬ್ಯಾಡ ರಾಜಿ. ಈ ಸಲ ನಾ ಹೋಗಂಗಿಲ್ಲ."

ಕಮಲಾ ಖಾಲಿ ಕುರ್ಚಿಯ ಕಡೆ ಬಾಗಿದಳು. ಅಲ್ಲಿ ಒಂದು ಮಗುವಿನ ಮುಖ ಇರಬೇಕಾದ ಎತ್ತರಕ್ಕೆ ಕಣ್ಣು ಇಳಿಸಿದಳು, ಕೈ ಚಾಚಿ ಗಾಳಿಯಲ್ಲಿ ಒಂದು ಕೆನ್ನೆ ಸವರಿದಳು. "ಅಳಬ್ಯಾಡ, ರಾಜೀ," ಎಂದಳು. ದನಿ ನಡುವೆ ಒಡೆಯಿತು, ಎಲ್ಲಿ ಒಡೆಯಬೇಕೋ ಅಲ್ಲಿಯೇ. "ಈ ಸಲ... ನಾ ಹೋಗಂಗಿಲ್ಲ." ಬಲಗಣ್ಣಿನಿಂದ ಒಂದು ಹನಿ ಇಳಿದು ಗಲ್ಲದ ಮೇಲೆ ನಿಂತಿತು. ಅದಕ್ಕಿಂತ ನಿಜವಾಗಿ ಆ ಮಾತನ್ನು ಯಾವ ತಾಯಿಯೂ ಆಡಲಾರಳು.

ಆಮೇಲೆ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಖಾಲಿ ಕುರ್ಚಿಯನ್ನು ನೋಡಿದಳು, ಅದರ ಹಿಂದೆ ನಿಂತವಳನ್ನು ನೋಡಿದಳು, ತುಸು ಬೇಸರದಿಂದ, ಕೆಲಸದವರನ್ನು ಕೇಳುವಂತೆ ಕೇಳಿದಳು.

"ಹುಡುಗಿ ಇನ್ನೂ ಬಂದಿಲ್ಲೇನ್ರಿ?"

"ಬರ್ತಾಳ್ರಿ ಅಮ್ಮಾ," ಎಂದಳು ರಾಜ್ಯಶ್ರೀ, ನಿಂತ ಜಾಗ ಬಿಡದೆ. "ಅಷ್ಟ್ರಾಗ ನೀವು ಇನ್ನೊಂದ್ಸಲ ಹೇಳ್ರಿ."